ವೇಗ ಇರುವುದು ಎಡಗೈಯಲ್ಲಿ

ಸಂಪಾದಕರಿಗೆ,

ಮಾನ್ಯರೇ,

ಪಿಯಾನೊ ಕಛೇರಿಯ ವರದಿಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಕಲಾವಿದರ ಬೆರಳುಗಳು ಮಿಂಚಿನ ವೇಗದಲ್ಲಿ ಓಡಿದವು.’ ನಿಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ. ಬೆರಳು ಓಡಿದ್ದು ನಿಜವೇ. ಆದರೆ ಯಾವ ಕೈಯ ಬೆರಳು, ಎಲ್ಲಿ ಓಡಿತು, ಓಡಬೇಕಾದಲ್ಲಿ ಓಡಿತೋ ಓಡಬಾರದ ಕಡೆ ಓಡಿತೋ ಎಂಬುದು ವರದಿಯಲ್ಲಿ ಇರುವುದಿಲ್ಲ. ಇದನ್ನು ಓದಿ ಬೆಳೆಯುವ ವಿದ್ಯಾರ್ಥಿಗಳು ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಎಣಿಸಿಕೊಡುವ ಮೆಟ್ರೊನೋಮಿನ ಅಂಕಿಯನ್ನೇ ವಿದ್ಯೆಯ ಅಳತೆ ಎಂದುಕೊಳ್ಳುತ್ತಾರೆ. ಈ ತಪ್ಪು ತಿಳಿವಳಿಕೆಯಿಂದ ಅತಿ ಹೆಚ್ಚು ಪೆಟ್ಟು ತಿನ್ನುವ ಒಂದು ಕೃತಿಯನ್ನೇ ಎತ್ತಿಕೊಂಡು ನಾಲ್ಕು ಮಾತು ಹೇಳಬೇಕಿದೆ. ಪೋಲೆಂಡಿನ ಸಂಯೋಜಕ ಶೋಪಾನ್‌ನ ಬಿ ಮೈನರ್ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ), ಓಪಸ್ 58, ಅದರ ನಾಲ್ಕನೆಯ ಹಾಗೂ ಕೊನೆಯ ಭಾಗ. ಡಿಪ್ಲೊಮಾ ಮಟ್ಟದ ವಿದ್ಯಾರ್ಥಿಗಳು ಆಸೆಯಿಂದ ಕೈಹಾಕುವ, ಅರ್ಧದಷ್ಟು ಮಂದಿ ಮೂರನೆಯ ನಿಮಿಷದಲ್ಲಿ ಉಸಿರು ಕಟ್ಟಿ ನಿಲ್ಲುವ ಕೃತಿ ಇದು. ವಾರ್ಸಾದ ಶೋಪಾನ್ ಸ್ಪರ್ಧೆಯಲ್ಲಿ ಮುಂದಿನ ಸುತ್ತುಗಳಿಗೆ ಹೋದವರು ನುಡಿಸುವ ದೊಡ್ಡ ಕೃತಿಗಳಲ್ಲೂ ಇದು ಒಂದು.

ಹಿನ್ನೆಲೆ ಎರಡೇ ಮಾತಿನಲ್ಲಿ. 1844ರ ಬೇಸಿಗೆಯಲ್ಲಿ ಶೋಪಾನ್ ಫ್ರಾನ್ಸಿನ ನೊಆಂ ಎಂಬ ಹಳ್ಳಿಯಲ್ಲಿದ್ದಾಗ ಬರೆದದ್ದು. ಅದೇ ವರ್ಷದ ಮೇ ತಿಂಗಳಲ್ಲಿ ಅವನ ತಂದೆ ತೀರಿಕೊಂಡಿದ್ದರು. 1845ರಲ್ಲಿ ಅಚ್ಚಾಯಿತು. ಕೊನೆಯ ಭಾಗಕ್ಕೆ ಅವನು ಕೊಟ್ಟ ಸೂಚನೆ ‘ಪ್ರೆಸ್ಟೊ ನಾನ್ ತಾಂತೊ’, ಅಂದರೆ ತುಂಬ ವೇಗ, ಆದರೆ ಅತಿಯಾಗದಂತೆ. ನಮ್ಮ ಹುಡುಗರು ಮೊದಲ ಪದವನ್ನು ಓದಿ ಉಳಿದೆರಡನ್ನು ಬಿಟ್ಟುಬಿಡುತ್ತಾರೆ. 1830ರ ದಶಕದ ನಡುವಿನ ತನಕ ಶೋಪಾನ್ ತನ್ನ ಕೃತಿಗಳಿಗೆ ಮೆಟ್ರೊನೋಮ್ ಅಂಕಿ ಕೊಡುತ್ತಿದ್ದ, ಆಮೇಲೆ ಬಿಟ್ಟ. ಹಾಗಾಗಿ ನಿಮ್ಮ ಪುಸ್ತಕದಲ್ಲಿ ಈ ಭಾಗದ ತಲೆಯ ಮೇಲೆ ಅಂಕಿ ಕಂಡರೆ ಅದು ಯಾರೋ ಸಂಪಾದಕರು ಸೇರಿಸಿದ್ದು, ಶಾಸನವಲ್ಲ.

ಈಗ ನಕ್ಷೆ. ತಾಳ 6/8; ಒಂದು ‘ಬಾರು’, ಅಂದರೆ ತಾಳದ ಒಂದು ಆವರ್ತಕ್ಕೆ ಎರಡು ಪೆಟ್ಟು, ಪ್ರತಿ ಪೆಟ್ಟಿನಲ್ಲಿ ಮೂರು ಅಕ್ಷರ. ಒಟ್ಟು 286 ಬಾರು. ಮೊದಲ 8 ಬಾರು ಪೀಠಿಕೆ: ಎಫ್ ಶಾರ್ಪ್ ಆಕ್ಟೇವ್‌ಗಳಿಂದ (ಒಂದು ಸ್ಥಾಯಿ ಅಂತರದ ಜೋಡಿ ಸ್ವರಗಳಿಂದ) ಹೊರಟು ಮೇಲೇರಿ ಡಾಮಿನೆಂಟ್ ಕಾರ್ಡಿನ, ಅಂದರೆ ಪಂಚಮದ ಮೇಲೆ ಕಟ್ಟಿದ ಸ್ವರಗುಂಪಿನ, ಮೇಲೆ ನಿಲ್ಲುತ್ತದೆ. 9ನೇ ಬಾರಿನಿಂದ ಬಿ ಮೈನರ್ ಶ್ರುತಿಯಲ್ಲಿ ಮುಖ್ಯ ರಾಗಭಾಗ. ಅದು ಮುಗಿದ ಮೇಲೆ ಬಿ ಮೇಜರ್‌ನಲ್ಲಿ ಬಲಗೈಯ ಓಟಗಳಿರುವ ಎರಡನೆಯ ಭಾಗ. 100ನೇ ಬಾರಿನಲ್ಲಿ ಮುಖ್ಯ ಭಾಗ ಮತ್ತೆ ಬರುತ್ತದೆ, ಈ ಸಲ ಇ ಮೈನರ್‌ನಲ್ಲಿ. ಮತ್ತೆ ಓಟಗಳು, ಈಗ ಇ ಫ್ಲ್ಯಾಟ್ ಮೇಜರ್‌ನಲ್ಲಿ. 207ನೇ ಬಾರಿನಲ್ಲಿ ಮುಖ್ಯ ಭಾಗ ಮೂರನೆಯ ಸಲ, ತನ್ನ ಮನೆಯಾದ ಬಿ ಮೈನರ್‌ನಲ್ಲಿ. 254ರಿಂದ ಕೋಡಾ, ಅಂದರೆ ಮುಕ್ತಾಯದ ಭಾಗ, ಬಿ ಮೇಜರ್‌ನಲ್ಲಿ ಕೊನೆಯ ತನಕ. ಪಾಶ್ಚಾತ್ಯ ಸಂಗೀತದವರು ಇದನ್ನು ರೊಂಡೊ ಎನ್ನುತ್ತಾರೆ. ಪಲ್ಲವಿ ಮರಳಿ ಮರಳಿ ಬರುವುದನ್ನು ಕೇಳಿ ಬೆಳೆದ ನಮಗೆ ಈ ಕಟ್ಟಡ ಹೊಸದೇನಲ್ಲ.

ಹೊಸದು ಬೇರೆ ಕಡೆ ಇದೆ. ಮುಖ್ಯ ಭಾಗ ಮೂರು ಸಲ ಬರುವಾಗ ಬಲಗೈಯ ರಾಗ ಹೆಚ್ಚುಕಡಿಮೆ ಅದೇ. ಬದಲಾಗುವುದು ಎಡಗೈ. ಮೊದಲ ಸಲ ಎಡಗೈ ಪೆಟ್ಟಿಗೆ ಮೂರು ಸ್ವರ ನುಡಿಸುತ್ತದೆ. ಎರಡನೆಯ ಸಲ ಪೆಟ್ಟಿಗೆ ನಾಲ್ಕು. ಮೂರನೆಯ ಸಲ ಪೆಟ್ಟಿಗೆ ಆರು. ತಾಳ ಅಲುಗುವುದಿಲ್ಲ, ಸಾಹಿತ್ಯವೂ ಅದೇ, ನಡೆ ಮಾತ್ರ ತಿಶ್ರದಿಂದ ಚತುರಶ್ರಕ್ಕೆ, ಅಲ್ಲಿಂದ ತಿಶ್ರದ ಮೇಲ್ಕಾಲಕ್ಕೆ ಹೋಗುತ್ತದೆ. ಮೃದಂಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಿಯಾನೊ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿದೆ, ಯಾಕೆಂದರೆ ಈ ಒಂದು ಸಂಗತಿಯ ಮೇಲೆ ಇಡೀ ಭಾಗದ ಕಾಲಪ್ರಮಾಣ ನಿಂತಿದೆ. ಕೇಳುಗರಿಗೆ ಆಗುವ ‘ಹೆಚ್ಚುತ್ತಾ ಹೋಗುವ ವೇಗ’ದ ಅನುಭವ ಕಾಲಪ್ರಮಾಣ ಏರಿದ್ದರಿಂದ ಬಂದದ್ದಲ್ಲ. ಏರಿಕೆಯನ್ನು ಶೋಪಾನ್ ಸ್ವರಗಳ ಎಣಿಕೆಯಲ್ಲೇ ಬರೆದಿಟ್ಟಿದ್ದಾನೆ. ನುಡಿಸುವವರು ಮಾಡಬೇಕಾದ್ದು ಪೆಟ್ಟನ್ನು ಅಲುಗಾಡದಂತೆ ಹಿಡಿಯುವುದು.

ಲೆಕ್ಕ ಹಾಕಿ ನೋಡೋಣ. 286 ಬಾರು ಅಂದರೆ 572 ಪೆಟ್ಟು. ನಿಮಿಷಕ್ಕೆ 112 ಪೆಟ್ಟು ಹಿಡಿದರೆ ಐದು ನಿಮಿಷ ಆರು ಸೆಕೆಂಡು. 120 ಹಿಡಿದರೆ ನಾಲ್ಕು ನಿಮಿಷ 46 ಸೆಕೆಂಡು. ಕೇಳುಗರಿಗೆ ಈ ಇಪ್ಪತ್ತು ಸೆಕೆಂಡಿನ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಎಡಗೈಗೆ ಗೊತ್ತಾಗುತ್ತದೆ. 112ರಲ್ಲಿ ಮೊದಲ ಸಲ ಎಡಗೈ ಸೆಕೆಂಡಿಗೆ ಐದೂವರೆ ಸ್ವರದಷ್ಟು ನುಡಿಸುತ್ತದೆ, ಯಾರಿಗೂ ಕಷ್ಟವಿಲ್ಲ. ಎರಡನೆಯ ಸಲ ಏಳೂವರೆ. ಮೂರನೆಯ ಸಲ ಹನ್ನೊಂದಕ್ಕೂ ಮಿಕ್ಕಿ. ಅದೂ ಪಕ್ಕಪಕ್ಕದ ಸ್ವರಗಳಲ್ಲ, ಒಂದು ಆಕ್ಟೇವ್‌ಗಿಂತ ಅಗಲವಾಗಿ ಹರಡಿದ ಒಡೆದ ಕಾರ್ಡುಗಳು. ಮೊದಲ ಪುಟದಲ್ಲಿ ಕೈ ಹಗುರವಾಗಿದೆ ಎಂದು ಹುಮ್ಮಸ್ಸಿನಿಂದ 132ಕ್ಕೆ ಹೊರಟವರು 207ನೇ ಬಾರಿಗೆ ಬಂದಾಗ ಸೆಕೆಂಡಿಗೆ ಹದಿಮೂರರ ಸಾಲ ತೀರಿಸಬೇಕಾಗುತ್ತದೆ. ಆಗ ಆಗುವುದು ಮೂರರಲ್ಲಿ ಒಂದು: ಕಾಲ ಇಳಿಯುತ್ತದೆ, ಇಲ್ಲವೇ ನಾದವನ್ನು ಹಿಡಿದಿಡುವ ಕಾಲಿನ ಪೆಡಲಿನ ಕೆಳಗೆ ಸ್ವರಗಳು ಮುಚ್ಚಿಹೋಗುತ್ತವೆ, ಇಲ್ಲವೇ ಮುಂಗೈ ಬಿಗಿದು ಸ್ವರಗಳು ಬೀಳದೇ ಹೋಗುತ್ತವೆ. ಇಳಿದ ಕಾಲವನ್ನು ‘ಭಾವಪೂರ್ಣ ವಿಸ್ತಾರ’ ಎಂದು ಬಣ್ಣಿಸುವ ವಿಮರ್ಶಕರೂ ಇದ್ದಾರೆ.

ಆದ್ದರಿಂದ ಕಾಲ ಗೊತ್ತುಮಾಡಬೇಕಾದ್ದು ಹಿಂದಿನಿಂದ. ಮೊದಲು 207ರಿಂದ ಕೊನೆಯ ತನಕ ಇರುವ 80 ಬಾರು ಕಲಿಯಬೇಕು. 112ರಲ್ಲಿ ಅದು ಒಂದೂವರೆ ನಿಮಿಷಕ್ಕೆ ತುಸು ಕಡಿಮೆ, ನಡುವೆ ಕೈಗೆ ಬಿಡುವೇ ಇಲ್ಲ. ಈ 80 ಬಾರನ್ನು ಎರಡು ಸಲ ಬೆನ್ನುಬೆನ್ನಿಗೆ, ಎರಡನೆಯ ಸಲವೂ ಸ್ಪಷ್ಟವಾಗಿ ನುಡಿಸಲು ಆಗುವ ಕಾಲವೇ ನಿಮ್ಮ ಕಾಲ. ಅದು 104 ಆದರೆ 104. ಮೊದಲ ಪುಟವನ್ನು ಅದೇ ಕಾಲದಲ್ಲಿ ನುಡಿಸಬೇಕು, ಒಂದು ಅಂಕಿಯೂ ಹೆಚ್ಚಲ್ಲ. ಮೊದಲ ಪುಟ ಸಪ್ಪೆ ಅನಿಸಿದರೆ ಅದಕ್ಕೆ ಮದ್ದು ವೇಗದಲ್ಲಿಲ್ಲ; ಬಲಗೈಯ ರಾಗದ ಮೇಲುಸ್ವರಕ್ಕೆ ತೂಕ ಕೊಟ್ಟು ಒಳಗಿನ ಸ್ವರಗಳನ್ನು ಹಗುರ ಮಾಡಿದರೆ ಅದೇ ಕಾಲ ಕಾತರದಿಂದ ಕೂಡಿದಂತೆ ಕೇಳುತ್ತದೆ. ಶೋಪಾನ್ ಅಲ್ಲಿ ಬರೆದ ‘ಅಜಿತಾತೊ’ ಅದೇ. ಕಳವಳ ಇರಬೇಕು, ಅವಸರ ಬೇಡ.

ಎರಡನೆಯ ಬರವು, 100ನೇ ಬಾರಿನದು, ಸ್ವರಸಂಖ್ಯೆಯಲ್ಲಿ ಮಧ್ಯಮ. ಲಯದಲ್ಲಿ ಅತಿ ಕಠಿಣ. ಬಲಗೈ ಮೂರಾಗಿ ನಡೆಯುವ ಪೆಟ್ಟುಗಳಲ್ಲಿ ಎಡಗೈ ನಾಲ್ಕಾಗಿ ನಡೆಯಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ ಬಗೆಯದು, ಹಾಗಾಗಿ ಅದನ್ನು ಹತ್ತಿರದಿಂದ ನೋಡಬಹುದು. ಒಂದು ಪೆಟ್ಟನ್ನು ಹನ್ನೆರಡು ಸಮಭಾಗ ಮಾಡಿ. ಬಲಗೈಯ ಮೂರು ಸ್ವರ 1, 5, 9ನೇ ಭಾಗಗಳಲ್ಲಿ ಬೀಳುತ್ತವೆ. ಎಡಗೈಯ ನಾಲ್ಕು ಸ್ವರ 1, 4, 7, 10ರಲ್ಲಿ. ಕೂಡಿಸಿದರೆ ಬರುವ ಕ್ರಮ: ಎರಡೂ, ಎಡ, ಬಲ, ಎಡ, ಬಲ, ಎಡ. ನಡುವಿನ ಅಂತರಗಳು 3, 1, 2, 2, 1, 3. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ. ಇದನ್ನು ನೆನಪಿಟ್ಟರೆ ತಪ್ಪು ತಾನೇ ಸಿಕ್ಕಿಬೀಳುತ್ತದೆ. ತಪ್ಪು ಯಾವುದೆಂದರೆ, ಎಡಗೈಯ ನಾಲ್ಕನೆಯ ಸ್ವರ 10ರ ಬದಲು 9ರಲ್ಲಿ, ಬಲಗೈಯ ಮೂರನೆಯ ಸ್ವರದ ಜೊತೆಗೇ ಬೀಳುವುದು. ಆಗ ಎಡಗೈ 3, 3, 2, 4 ಎಂದು ಕುಂಟುತ್ತದೆ. ನಿಧಾನದಲ್ಲಿ ಕುಂಟು ಕೇಳುತ್ತದೆ; ವೇಗದಲ್ಲಿ ಅದು ಮರೆಯಾಗಿ ಇಡೀ ಪುಟ ಮಸುಕಾಗುತ್ತದೆ. ನುಡಿಸುವವರಿಗೆ ‘ಏನೋ ಸರಿಯಿಲ್ಲ’ ಅನ್ನುವಷ್ಟೇ ಗೊತ್ತಾಗುತ್ತದೆ, ಯಾಕೆ ಎಂದು ತಿಳಿಯುವುದಿಲ್ಲ.

ಸರಿಪಡಿಸುವ ದಾರಿ ನಮ್ಮ ಮನೆಯಲ್ಲೇ ಇದೆ. ಪಿಯಾನೊ ಮುಚ್ಚಿಡಿ. ಕಾಲಿನಲ್ಲಿ ಪೆಟ್ಟು ಹಾಕುತ್ತಾ ಬಲಗೈಯಲ್ಲಿ ತೊಡೆಯ ಮೇಲೆ ‘ತಕಿಟ’ ತಟ್ಟುತ್ತಾ ಬಾಯಲ್ಲಿ ‘ತಕಧಿಮಿ’ ಹೇಳಿ. ಅದು ಕೂತ ಮೇಲೆ ಅದಲುಬದಲು ಮಾಡಿ: ಎಡಗೈ ‘ತಕಧಿಮಿ’ ತಟ್ಟಲಿ, ಬಾಯಿ ‘ತಕಿಟ’ ಹೇಳಲಿ. ಪೆಟ್ಟು ನಿಮಿಷಕ್ಕೆ 40ರಿಂದ ಶುರುಮಾಡಿ. 60ರ ತನಕ ಹನ್ನೆರಡರ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಬಹುದು. ಅದರಾಚೆ ಲೆಕ್ಕ ಬಿಡಲೇಬೇಕು. ಎರಡೂ ಕೈಗಳು ತಮ್ಮ ತಮ್ಮ ನಡೆಯಲ್ಲಿ ಸ್ವತಂತ್ರವಾಗಿ ಹೋಗಿ ಪೆಟ್ಟಿನ ತಲೆಯಲ್ಲಿ ಮಾತ್ರ ಸಂಧಿಸಬೇಕು. ಇನ್ನೊಂದು ಪರೀಕ್ಷೆ: ಎಡಗೈಯೊಂದನ್ನೇ ಮೆಟ್ರೊನೋಮಿನ ಜೊತೆ ನುಡಿಸುತ್ತಿರುವಾಗ ಯಾರಾದರೂ ಬಲಗೈಯ ಭಾಗವನ್ನು ಹಾಡಲಿ. ಎಡಗೈಯ ನಡೆ ಅಲ್ಲಾಡಿದರೆ ಇನ್ನೂ ಹಣ್ಣಾಗಿಲ್ಲ. ಕರ್ನಾಟಕ ಸಂಗೀತದ ಲಯಪಾಠ ಸ್ವಲ್ಪವಾದರೂ ಆಗಿರುವ ಮಕ್ಕಳು ಈ ಪುಟವನ್ನು ಬೇಗ ಕಲಿಯುತ್ತಾರೆ. ಪಿಯಾನೊ ಕಲಿಸುವವರು ವಿದ್ಯಾರ್ಥಿಗಳನ್ನು ಆರು ತಿಂಗಳಾದರೂ ಕೊನ್ನಕೋಲು ಪಾಠಕ್ಕೆ ಕಳಿಸಿದರೆ ನಷ್ಟವೇನಿಲ್ಲ.

ಮೂರನೆಯ ಬರವು ಲಯದಲ್ಲಿ ಸುಲಭ. ಬಲಗೈಯ ಒಂದಕ್ಕೆ ಎಡಗೈಯ ಎರಡು. ಎಲ್ಲವೂ ನೇರವಾಗಿ ಕೂಡುತ್ತವೆ. ಕಷ್ಟ ಇರುವುದು ದೇಹದಲ್ಲಿ. ಎಡಗೈಯ ಕಿರುಬೆರಳು ಕೆಳಗಿನ ಬೇಸ್ ಸ್ವರ ಹಿಡಿದ ತಕ್ಷಣ ಕೈ ಮೇಲಕ್ಕೆ ಹರಡಿ ಮತ್ತೆ ಮಡಚಿ ಬರಬೇಕು, ಸೆಕೆಂಡಿಗೆ ಎರಡು ಸಲದಷ್ಟು. ಇಲ್ಲಿ ಕೈಯನ್ನು ಅಗಲವಾಗಿ ಬಿಚ್ಚಿಟ್ಟುಕೊಂಡೇ ಬೆರಳಾಡಿಸುವವರಿಗೆ ಹದಿನೈದು ಬಾರಿನೊಳಗೆ ಮೊಳಕೈಯ ಕೆಳಗೆ ಉರಿ ಹತ್ತುತ್ತದೆ. ಕಾರಣ ಸರಳ: ಬೆರಳುಗಳನ್ನು ದೂರ ಹಿಡಿದಿಡುವ ಸ್ನಾಯುಗಳು ಸಡಿಲವಾಗಲು ಸಮಯವೇ ಸಿಗುವುದಿಲ್ಲ. ಮಾಡಬೇಕಾದ್ದು ಹೀಗೆ. ಕಿರುಬೆರಳು ನುಡಿಸಿದ ಕೂಡಲೇ ಅದನ್ನು ಬಿಟ್ಟುಬಿಡಿ, ಪೆಡಲ್ ಸ್ವರವನ್ನು ಹಿಡಿದುಕೊಳ್ಳುತ್ತದೆ. ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಸಾಗಲಿ, ಮುಂಗೈ ಬಾಗಿಲ ಚಿಲಕ ತಿರುಗಿಸಿದಂತೆ ತುಸು ಹೊರಳಲಿ. ಯಾವ ಕ್ಷಣದಲ್ಲೂ ಪಕ್ಕಪಕ್ಕದ ಎರಡು ಬೆರಳುಗಳಷ್ಟೇ ಚಾಚಿರಬೇಕು, ಐದೂ ಅಲ್ಲ.

ಅಭ್ಯಾಸದಲ್ಲಿ ಇದನ್ನು ಹೀಗೆ ಒಡೆಯಬಹುದು. ಮೊದಲು ಪ್ರತಿ ಪೆಟ್ಟಿನ ಆರು ಸ್ವರಗಳನ್ನು ಹಿಡಿಯಾಗಿಸಿ: ಕೆಳಗಿನ ಒಂದು, ಮೇಲಿನ ಗುಂಪು, ಎರಡೇ ಹೊಡೆತ. ಇದರಿಂದ ಕೈ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ಭೂಗೋಳ ಕೂರುತ್ತದೆ. ಆಮೇಲೆ ಒಂದು ಪೆಟ್ಟು ನಿಜವಾದ ವೇಗದಲ್ಲಿ ನುಡಿಸಿ ಮುಂದಿನ ಬೇಸ್ ಸ್ವರದ ಮೇಲೆ ನಿಂತುಬಿಡಿ; ಆ ನಿಲುವಿನಲ್ಲಿ ಕೈ ಸಂಪೂರ್ಣ ಸಡಿಲವಾಗಿದೆಯೇ ನೋಡಿ. ಆಮೇಲೆ ಎರಡು ಪೆಟ್ಟು, ನಿಲುವು. ಆಮೇಲೆ ಎರಡು ಬಾರು. ಬಾರಿನ ಗೆರೆಯಲ್ಲಿ ನಿಲ್ಲಿಸುವ ಅಭ್ಯಾಸ ಮಾಡಬಾರದು, ಯಾವಾಗಲೂ ಮುಂದಿನ ಬಾರಿನ ಮೊದಲ ಸ್ವರ ಮುಟ್ಟಿಯೇ ನಿಲ್ಲಬೇಕು. ಇಲ್ಲದಿದ್ದರೆ ಕಛೇರಿಯಲ್ಲಿ ಎಡವುವುದು ಸರಿಯಾಗಿ ಆ ಗೆರೆಯ ಮೇಲೆಯೇ. ನಿಧಾನವಾಗಿ ನುಡಿಸುವಾಗಲೂ ಬೆರಳುಗಳನ್ನು ಎತ್ತರಕ್ಕೆ ಎತ್ತಿ ಬಡಿಯುವುದು ಬೇಡ. ಆ ಚಲನೆ ವೇಗದಲ್ಲಿ ಸಾಧ್ಯವೇ ಇಲ್ಲ, ಅಂದಮೇಲೆ ಅದನ್ನು ಕಲಿತು ಪ್ರಯೋಜನವಿಲ್ಲ. ವೇಗದಲ್ಲಿ ಮಾಡುವ ಚಲನೆಯನ್ನೇ ನಿಧಾನದಲ್ಲಿ ಮಾಡಬೇಕು.

ಮೆಟ್ರೊನೋಮ್ ಏರಿಸುವ ಬಗ್ಗೆಯೂ ಒಂದು ಮಾತು. ದಿನಕ್ಕೆ ನಾಲ್ಕು ಅಂಕಿ ಏರಿಸುತ್ತಾ ಹೋಗುವ ಪದ್ಧತಿ ಸುಮಾರು 84ರ ತನಕ ನಡೆಯುತ್ತದೆ. ಅಲ್ಲಿ ಗೋಡೆ. ಯಾಕೆಂದರೆ ಅದಕ್ಕಿಂತ ಕೆಳಗೆ ಕೈ ಪ್ರತಿ ಸ್ವರವನ್ನೂ ಬೇರೆ ಬೇರೆ ಕೆಲಸವಾಗಿ ಮಾಡಬಲ್ಲದು, ಅದರ ಮೇಲೆ ಆರು ಸ್ವರ ಒಂದೇ ಕೆಲಸವಾಗಬೇಕು. ಆ ಗೋಡೆಯನ್ನು ಏಣಿ ಹತ್ತಿ ದಾಟಲು ಆಗುವುದಿಲ್ಲ. ಒಂದು ಪೆಟ್ಟಿನ ತುಣುಕನ್ನು ನೇರವಾಗಿ 112ರಲ್ಲಿ ನುಡಿಸಿ ಆಚೆ ಕಡೆಯಿಂದ ಬರಬೇಕು. ಎರಡು ಬಗೆಯ ಅಭ್ಯಾಸವೂ ದಿನಾ ಜೊತೆಜೊತೆಗೆ ನಡೆಯಲಿ.

ಬಲಗೈಗೆ ಬರೋಣ. ಮುಖ್ಯ ರಾಗ ಮೊದಲು ಒಂಟಿ ಸ್ವರದಲ್ಲಿ ಬಂದು ಆಮೇಲೆ ಆಕ್ಟೇವ್‌ಗಳಲ್ಲಿ ಬರುತ್ತದೆ. ಆಕ್ಟೇವ್‌ಗಳಲ್ಲಿ ಕಪ್ಪು ಮನೆಗೆ ನಾಲ್ಕನೆಯ ಬೆರಳು, ಬಿಳಿ ಮನೆಗೆ ಐದನೆಯದು ಎಂಬ ಹಳೆಯ ನಿಯಮ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ: ಮೇಲಿನ ಸಾಲು ಒಂದಕ್ಕೊಂದು ಅಂಟಿಕೊಂಡು ಹಾಡುತ್ತದೆ. ಕೈ ಚಿಕ್ಕದಿರುವವರು ಈ ನಿಯಮಕ್ಕೆ ಜೋತುಬೀಳಬೇಕಿಲ್ಲ, ಎಲ್ಲವನ್ನೂ ಐದನೆಯ ಬೆರಳಲ್ಲಿ ನುಡಿಸಿ ಪೆಡಲಿನಿಂದ ಕೂಡಿಸಿಕೊಳ್ಳಬಹುದು. ಹೆಬ್ಬೆರಳು ಮಾತ್ರ ಹಗುರವಾಗಿರಲಿ. ಆಕ್ಟೇವ್‌ನಲ್ಲಿ ಹೆಬ್ಬೆರಳು ಜೋರಾದರೆ ರಾಗ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ. ರೆಕಾರ್ಡ್ ಮಾಡಿ ಕೇಳಿದರೆ ಮಾತ್ರ ಇದು ಗೊತ್ತಾಗುವುದು. ನುಡಿಸುತ್ತಿರುವವರ ಕಿವಿಗೆ ಗೊತ್ತಾಗುವುದಿಲ್ಲ.

ಬಿ ಮೇಜರ್‌ನ ಓಟಗಳನ್ನು ನೋಡಿ ಹೆದರುವವರಿಗೆ ಒಂದು ಸಮಾಧಾನ. ಐದು ಶಾರ್ಪ್ ನೋಡಲು ಭಯ ಹುಟ್ಟಿಸುತ್ತವೆ, ಆದರೆ ಬಲಗೈಗೆ ಇದಕ್ಕಿಂತ ಹಿತವಾದ ಸ್ಕೇಲ್ ಇಲ್ಲ. ಶೋಪಾನ್ ತನ್ನ ಶಿಷ್ಯರಿಗೆ ಸ್ಕೇಲ್ ಪಾಠ ಶುರುಮಾಡಿಸುತ್ತಿದ್ದುದು ಬಿ ಮೇಜರ್‌ನಿಂದ, ಎಲ್ಲರೂ ಸುಲಭ ಎಂದುಕೊಳ್ಳುವ ಸಿ ಮೇಜರ್ ಅವನಿಗೆ ಕೊನೆಯದು. ಉದ್ದ ಬೆರಳುಗಳು ಎತ್ತರದ ಕಪ್ಪು ಮನೆಗಳ ಮೇಲೆ, ಗಿಡ್ಡ ಹೆಬ್ಬೆರಳು ಬಿ ಮತ್ತು ಇ ಎಂಬ ಎರಡೇ ಬಿಳಿ ಮನೆಗಳ ಮೇಲೆ: 1-2-3, 1-2-3-4. ಹೆಬ್ಬೆರಳು ಕೆಳಗೆ ನುಸುಳಲು ಜಾಗ ತಾನಾಗಿಯೇ ಇರುತ್ತದೆ. ಇ ಫ್ಲ್ಯಾಟ್ ಮೇಜರ್‌ನಲ್ಲಿ ಅದೇ ಓಟ ಬಂದಾಗ ಈ ಅನುಕೂಲ ಹೋಗುತ್ತದೆ. ಅಲ್ಲಿ ಹೆಬ್ಬೆರಳು ಎಫ್ ಮತ್ತು ಸಿ ಮೇಲೆ ಬರಬೇಕು. ಹಾಗಾಗಿ ಬಿ ಮೇಜರ್ ಕಲಿತ ಕೂಡಲೇ ಇ ಫ್ಲ್ಯಾಟ್ ತಾನಾಗಿ ಬರುತ್ತದೆ ಎಂದು ಬಿಟ್ಟುಬಿಟ್ಟವರು ಅಲ್ಲಿ ಮುಗ್ಗರಿಸುತ್ತಾರೆ. ಇ ಫ್ಲ್ಯಾಟ್‌ಗೆ ಎರಡು ಪಟ್ಟು ಸಮಯ ಇಡಿ. ಓಟಗಳಲ್ಲಿ ಎಡಗೈಗೆ ಕೆಲಸ ಕಡಿಮೆ. ಬಿಡುವಾದ ಆ ಎಡಗೈ ಕಾಲವನ್ನು ಹಿಡಿದುಕೊಳ್ಳಬೇಕು. ಎಡಗೈ ವಾದ್ಯವೃಂದದ ನಿರ್ದೇಶಕನಿದ್ದಂತೆ, ಅದು ಅಲ್ಲಾಡಬಾರದು ಎಂದು ಶೋಪಾನ್ ಶಿಷ್ಯರಿಗೆ ಹೇಳುತ್ತಿದ್ದ. ಬಲಗೈ ಓಟದ ಹುರುಪಿನಲ್ಲಿ ಎಳೆದುಕೊಂಡು ಹೋಗುವುದು ಇಲ್ಲೇ. 100ನೇ ಬಾರಿಗೆ ಬರುವಷ್ಟರಲ್ಲಿ 112 ಇದ್ದದ್ದು 120 ಆಗಿರುತ್ತದೆ, ಎದುರಿಗೆ ನಾಲ್ಕು-ಮೂರರ ಪುಟ.

ಶ್ರುತಿಗಳ ಜೋಡಣೆಯಲ್ಲಿ ಒಂದು ಚಂದದ ಸಂಗತಿಯಿದೆ, ಕಂಠಪಾಠಕ್ಕೂ ಅದು ಉಪಯೋಗ. ಮೊದಲ ಸಲ ಬಿ ಮೈನರ್ ಮುಗಿದು ಬಿ ಮೇಜರ್‌ಗೆ ಹೋಯಿತು. ಅದೇ ದಾರಿಯಲ್ಲಿ ಎರಡನೆಯ ಸಲ ಇ ಮೈನರ್‌ನಿಂದ ಇ ಮೇಜರ್‌ಗೆ ಹೋಗಬೇಕಿತ್ತು. ಶೋಪಾನ್ ಅರ್ಧ ಸ್ವರ ಕೆಳಗೆ ಜಾರಿ ಇ ಫ್ಲ್ಯಾಟ್‌ಗೆ ಹೋಗುತ್ತಾನೆ. ಇದು ಎಲ್ಲಿಂದಲೋ ಬಂದದ್ದಲ್ಲ. ಈ ಸೊನಾಟಾದ ಎರಡನೆಯ ಭಾಗವಾದ ಸ್ಕೆರ್ಜೊ ಇರುವುದು ಇ ಫ್ಲ್ಯಾಟ್ ಮೇಜರ್‌ನಲ್ಲಿ, ಅದರ ನಡುಭಾಗ ಬಿ ಮೇಜರ್‌ನಲ್ಲಿ. ಅಲ್ಲಿ ಇ ಫ್ಲ್ಯಾಟ್‌ನ ಒಳಗೆ ಬಿ ಇತ್ತು, ಇಲ್ಲಿ ಬಿ ಒಳಗೆ ಇ ಫ್ಲ್ಯಾಟ್ ಇದೆ. ಕೀಬೋರ್ಡಿನಲ್ಲಿ ಇ ಫ್ಲ್ಯಾಟ್ ಅಂದರೆ ಡಿ ಶಾರ್ಪ್, ಬಿ ಮೇಜರ್ ಕಾರ್ಡಿನ ಗಾಂಧಾರ. ಇದನ್ನು ತಿಳಿದು ನುಡಿಸುವವರಿಗೆ ಆ ಜಾರುವಿಕೆಯ ಹೊತ್ತಿನಲ್ಲಿ ಬಣ್ಣ ಬದಲಿಸಬೇಕು ಎನಿಸುತ್ತದೆ. ತಿಳಿಯದವರಿಗೆ ಅದು ಇನ್ನೊಂದು ಪುಟ.

ಕಂಠಪಾಠ ಕೈಕೊಡುವುದೂ ಈ ಕವಲುಗಳಲ್ಲೇ. ಒಂದೇ ರಾಗ ಮೂರು ಸಲ ಬಂದು ಮೂರು ಬೇರೆ ಬಾಗಿಲುಗಳಿಂದ ಹೊರಬೀಳುತ್ತದೆ: ಒಮ್ಮೆ ಬಿ ಮೇಜರ್‌ಗೆ, ಒಮ್ಮೆ ಇ ಫ್ಲ್ಯಾಟ್‌ಗೆ, ಒಮ್ಮೆ ಕೋಡಾಕ್ಕೆ. ಬೆರಳಿನ ನೆನಪನ್ನೇ ನಂಬಿದವರು ಎರಡನೆಯ ಬಾಗಿಲಿನ ಬದಲು ಮೊದಲನೆಯದಕ್ಕೆ ಹೋಗಿ, ಅರ್ಧ ಕೃತಿಯನ್ನು ಮತ್ತೊಮ್ಮೆ ನುಡಿಸಿ ಅಥವಾ ಹಾರಿಸಿ ಮುಗಿಸುತ್ತಾರೆ. ಇದಕ್ಕೆ ಮಾಡಬೇಕಾದ್ದು, ಪ್ರತಿ ಬಾಗಿಲಿನ ಮುಂಚಿನ ನಾಲ್ಕು ಬಾರು ಮತ್ತು ಆಚೆಯ ನಾಲ್ಕು ಬಾರುಗಳನ್ನು ಮಾತ್ರ ಬೇರೆ ತೆಗೆದು, ಮೂರನ್ನೂ ಒಂದರ ಹಿಂದೆ ಒಂದು, ದಿನಾ ಕ್ರಮ ಬದಲಿಸಿ ನುಡಿಸುವುದು. ಬೇಸ್ ಸ್ವರಗಳ ಹೆಸರನ್ನು ಬಾಯಲ್ಲಿ ಹೇಳುತ್ತಾ ನುಡಿಸಿದರೆ ಇನ್ನೂ ಗಟ್ಟಿ.

ಪೆಡಲ್ ಬಗ್ಗೆ ಜಗಳಗಳಿವೆ. ನನ್ನ ಪಕ್ಷ ಹೇಳಿಬಿಡುತ್ತೇನೆ. ಶೋಪಾನ್ ಹೆಚ್ಚಾಗಿ ಇಷ್ಟಪಡುತ್ತಿದ್ದುದು ಪ್ಲೆಯೆಲ್ ಪಿಯಾನೊಗಳನ್ನು. ಅವುಗಳ ಕೀಗಳು ಇಂದಿನವಕ್ಕಿಂತ ಹಗುರ, ಒತ್ತುವ ಆಳ ಕಡಿಮೆ, ನಾದ ಬೇಗ ಆರುತ್ತಿತ್ತು. ಆ ವಾದ್ಯದ ಮೇಲೆ ಬರೆದ ಉದ್ದುದ್ದ ಪೆಡಲ್ ಗುರುತುಗಳನ್ನು ಇಂದಿನ ದೊಡ್ಡ ಗ್ರಾಂಡ್ ಪಿಯಾನೊದ ಮೇಲೆ ಹಾಗೆಯೇ ಪಾಲಿಸಿದರೆ ಮೂರನೆಯ ಬರವಿನಲ್ಲಿ ಎಡಗೈಯ ಹನ್ನೊಂದು ಸ್ವರಗಳು ಗದ್ದಲವಾಗುತ್ತವೆ. ಬೇಸ್ ಬದಲಾದಾಗಲೆಲ್ಲ ಬದಲಿಸಿ, ಉಳಿದಂತೆ ಪೂರ್ತಿ ಒತ್ತದೆ ಮೂರನೇ ಒಂದಂಶದಷ್ಟು ಮಾತ್ರ ಒತ್ತಿ ಹಿಡಿಯುವುದು ಮೇಲು. ಬಿ ಮೇಜರ್ ಓಟಗಳಿಗೆ ಪೆಡಲ್ ಬಹುತೇಕ ಬೇಡವೇ ಬೇಡ, ಕಾರ್ಡುಗಳಿಗೆ ಒಂದು ಮುಟ್ಟು ಸಾಕು. ಅಭ್ಯಾಸದ ಅರ್ಧದಷ್ಟು ಹೊತ್ತು ಪೆಡಲ್ ಇಲ್ಲದೆಯೇ ನುಡಿಸಿ. ಏನೇನು ಬಿಟ್ಟುಹೋಗುತ್ತಿದೆ ಎಂಬ ಪಟ್ಟಿ ಆಗ ಸಿಗುತ್ತದೆ.

ಪೀಠಿಕೆಯ ಎಂಟು ಬಾರುಗಳನ್ನು ಕಡೆಗಣಿಸುವವರೇ ಹೆಚ್ಚು. ಇದರ ಹಿಂದಿನ, ಮೂರನೆಯ ಭಾಗವಾದ ಲಾರ್ಗೊ ನಿಧಾನ, ಬಿ ಮೇಜರ್‌ನ ಶಾಂತ ಭಾಗ. ಅದರ ನಂತರ ಈ ಆಕ್ಟೇವ್‌ಗಳು ಸಿಡಿಯಬೇಕು ಎಂದುಕೊಂಡು ಮೊದಲ ಆಕ್ಟೇವ್‌ನಲ್ಲೇ ಎಲ್ಲ ಶಕ್ತಿ ಸುರಿದುಬಿಟ್ಟರೆ ಎಂಟನೆಯ ಬಾರಿಗೆ ಏರಲು ಏನೂ ಉಳಿದಿರುವುದಿಲ್ಲ. ಮೇಲೇರಿದಂತೆ ಬೆಳೆಸಿ. 8ನೇ ಬಾರಿನ ನಿಲುವಿನಲ್ಲಿ ನಾದ ತುಸು ಇಳಿಯುವ ತನಕ ಕಾಯಿರಿ, ಆ ಹೊತ್ತಿನಲ್ಲಿ 9ನೇ ಬಾರಿನ ಕಾಲವನ್ನು ಮನಸ್ಸಿನಲ್ಲಿ ಎರಡು ಪೆಟ್ಟು ಎಣಿಸಿಕೊಳ್ಳಿ, ಅದೂ 207ನೇ ಬಾರಿನ ಎಡಗೈಯನ್ನು ನೆನೆದು. ಪೀಠಿಕೆಯ ಆವೇಶದ ಕಾಲವನ್ನೇ ಮುಂದಕ್ಕೆ ಒಯ್ದವರು ಮೊದಲ ಪುಟದಲ್ಲೇ ಸೋತಿರುತ್ತಾರೆ.

ಕೇಳುಗರಿಗೆ ಎರಡು ಧ್ವನಿಮುದ್ರಣಗಳನ್ನು ಸೂಚಿಸಬಹುದು. ಒಂದು, ರುಮೇನಿಯಾದ ದಿನು ಲಿಪಾತಿ 1947ರಲ್ಲಿ ಮಾಡಿದ್ದು. ಇನ್ನೊಂದು, 1965ರ ವಾರ್ಸಾ ಸ್ಪರ್ಧೆ ಗೆದ್ದ ಮಾರ್ತಾ ಅರ್ಗೆರಿಚ್ 1967ರಲ್ಲಿ ಮಾಡಿದ್ದು. ಇಬ್ಬರ ಮನೋಧರ್ಮ ಬೇರೆ ಬೇರೆ. ಎರಡರಲ್ಲೂ ಬಲಗೈಯನ್ನು ಮರೆತು ಎಡಗೈಯನ್ನಷ್ಟೇ ಹಿಂಬಾಲಿಸಿ ಕೇಳಿ. ಮೂರು, ನಾಲ್ಕು, ಆರು ಎಂದು ಬೆರಳು ಮಡಚಿ ಎಣಿಸಿದರೂ ಸಿಗುತ್ತದೆ. ಕೋಡಾದಲ್ಲಿ ಬಲಗೈ ಮಿನುಗುತ್ತಿರುವಾಗ ಗಮನ ಅಲ್ಲೇ ನೆಟ್ಟಿರುತ್ತದೆ. ಅಲ್ಲೂ ಕೆಳಗಿನ ಕೈಯನ್ನು ಕೇಳಿ. ವರದಿ ಬರೆಯುವವರಿಗೂ ಇದೇ ಕೋರಿಕೆ. ‘ಮಿಂಚಿನ ವೇಗ’ ಎಂದು ಬರೆಯುವ ಮೊದಲು ಮೂರನೆಯ ಬರವಿನಲ್ಲಿ ಎಡಗೈ ಕೇಳಿಸಿತೇ, ಕಾಲ ಇಳಿಯಿತೇ ಎಂಬುದನ್ನು ಒಂದು ಸಾಲಿನಲ್ಲಿ ಬರೆದರೆ ನುಡಿಸಿದವರಿಗೆ ನೂರು ಹೊಗಳಿಕೆಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ ವಾದ್ಯದ ವಿಷಯ, ನಮ್ಮ ಊರುಗಳಲ್ಲಿ ಇದನ್ನು ಬಿಡುವಂತಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಿನವರ ಅಭ್ಯಾಸ ಡಿಜಿಟಲ್ ಪಿಯಾನೊದ ಮೇಲೆ. ತೂಕವಿರುವ 88 ಕೀಗಳದ್ದಾದರೆ ಬೆರಳಿನ ಪಾಠಕ್ಕೆ ಅಡ್ಡಿಯಿಲ್ಲ. ಆದರೆ ಕಡಿಮೆ ಬೆಲೆಯವುಗಳ ಜೊತೆ ಬರುವ ಪೆಡಲ್ ಕೇವಲ ‘ಒತ್ತಿದೆ, ಬಿಟ್ಟಿದೆ’ ಎಂಬ ಎರಡನ್ನೇ ಗುರುತಿಸುತ್ತದೆ, ಮೂರನೇ ಒಂದಂಶ ಒತ್ತುವುದು ಅದಕ್ಕೆ ತಿಳಿಯದು. ಅರ್ಧ ಪೆಡಲ್ ಗುರುತಿಸುವ ಪೆಡಲನ್ನು, ವಾದ್ಯ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಂಡು, ಬೇರೆಯಾಗಿ ಕೊಳ್ಳಬೇಕು. ಸಭಾಂಗಣದ ಅಕೌಸ್ಟಿಕ್ ಪಿಯಾನೊದ ಸಮಸ್ಯೆ ಬೇರೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಕೀಗಳ ಒಳಗಿನ ಬಟ್ಟೆಯ ಬುಶಿಂಗ್ ತೇವ ಹೀರಿ ಉಬ್ಬುತ್ತದೆ. ಒತ್ತಿದ ಕೀ ಮೇಲೆ ಬರಲು ತಡಮಾಡುತ್ತದೆ. ನಿಧಾನದ ಕೃತಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಸೆಕೆಂಡಿಗೆ ಹನ್ನೊಂದು ಸ್ವರದಲ್ಲಿ ತಕ್ಷಣ ಗೊತ್ತಾಗುತ್ತದೆ. ಕಛೇರಿಗೆ ಮುಂಚೆ ವಾದ್ಯ ನೋಡಲು ಹತ್ತೇ ನಿಮಿಷ ಕೊಟ್ಟರೂ ಮೊದಲ ಪುಟ ನುಡಿಸಿ ಸಂತೋಷಪಡುವುದು ಬೇಡ. ನೇರವಾಗಿ 207ಕ್ಕೆ ಹೋಗಿ, ಎಡಗೈಯೊಂದನ್ನೇ, ಪೆಡಲ್ ಇಲ್ಲದೆ, ಹದಿನಾರು ಬಾರು ನುಡಿಸಿ. ಸ್ವರಗಳು ನುಂಗಿಹೋಗುತ್ತಿದ್ದರೆ ಕಾಲವನ್ನು ನಾಲ್ಕು ಅಥವಾ ಎಂಟು ಅಂಕಿ ಇಳಿಸಿಕೊಳ್ಳಿ, ಇಳಿಸಿದ ಆ ಕಾಲವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ವೇದಿಕೆಗೆ ಹೋಗಿ.

ಇಂತಿ,
ಒಬ್ಬ ಪಿಯಾನೊ ಶಿಕ್ಷಕಿ
ಬೆಂಗಳೂರು